ಎಡಗಡೆಯ ಹಿಂದಿನ ಸ್ಪ್ರಿಂಗ್

"ಮೇಸ್ತ್ರಿ, ಈ ಸ್ಪ್ರಿಂಗ್ ತಿರುಗ್ತಿದೆ," ಎಂದರು ಟೀಚರ್.

ಲಿಫ್ಟಿನ ಮೇಲೆ ಆಳೆತ್ತರಕ್ಕೆ ಏರಿ ನಿಂತ ಕಾರು. ಅದರಡಿ ಕತ್ತೆತ್ತಿ ನಿಂತು ಅವರು ಎಡಗಡೆಯ ಹಿಂದಿನ ಚಕ್ರದ ಒಳಗೆ ಕೈ ಹಾಕಿದ್ದರು. ಬೆರಳಷ್ಟು ದಪ್ಪ ಕಂಬಿಯ ಉಕ್ಕಿನ ಸುರುಳಿ. ಒಂದು ಟನ್ನಿನ ಗಾಡಿಯನ್ನು ಹೊರಬೇಕಾದ ವಸ್ತು. ಅದು ಅವರ ಎರಡು ಬೆರಳಿಗೆ ಬಳೆಯ ಹಾಗೆ ಸಲೀಸಾಗಿ ತಿರುಗುತ್ತಿತ್ತು.

"ಗಾಡಿ ಮೇಲೆತ್ತಿದಾಗ ಚಕ್ರ ಜೋತು ಬೀಳುತ್ತಲ್ಲ, ಆಗ ಸ್ವಲ್ಪ ಸಡಿಲ ಆಗೋದು ಸಹಜ," ಎಂದ ಮೆಕ್ಯಾನಿಕ್.

"ಸಹಜ ಆದ್ರೆ ಬಲಗಡೇದೂ ತಿರುಗಬೇಕು."

ಅವನು ಬಲಗಡೆಗೆ ಹೋಗಿ ಕೈ ಹಾಕಿದ. ಆಮೇಲೆ ಎರಡೂ ಕೈ ಹಾಕಿದ. ಮುಖ ಕೆಂಪಗಾಯಿತು. ಜಪ್ಪಯ್ಯ ಅಂದರೂ ಸ್ಪ್ರಿಂಗ್ ಕದಲಲಿಲ್ಲ.

ಹನ್ನೆರಡು ದಿನದ ಹಿಂದೆ, ಗುರುವಾರ ಬೆಳಿಗ್ಗೆ, ಕಣ್ಣಿನ ಡಾಕ್ಟರ ಈ ಪುಟ್ಟ ವೇಗದ ಕಾರು ಕಾಲುವೆ ಸೇತುವೆ ದಾಟಿದ ಕೂಡಲೇ ತಿರುವಿನಲ್ಲಿ ಹಳ್ಳಕ್ಕೆ ಹಾರಿತ್ತು. ಡಾಕ್ಟರಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ಪೊಲೀಸರು 'ಅತಿವೇಗ' ಎಂದು ಬರೆದು ಕಡತ ಮಡಚಿದ್ದರು.

ಒಪ್ಪದವರು ಒಬ್ಬರೇ, ಡಾಕ್ಟರ ಅಕ್ಕ. "ನನ್ನ ತಮ್ಮ ಜೋರಾಗಿ ಓಡಿಸ್ತಾನೆ, ಹೌದು. ಆದ್ರೆ ಆ ಸೇತುವೆ ಹತ್ರ ಬಂದಾಗ ಪ್ರತಿ ಸಲವೂ ವೇಗ ಇಳಿಸ್ತಾನೆ. ನನ್ನ ಬೆನ್ನಿಗೆ ಗೊತ್ತು," ಎಂದು ಟೀಚರ ಮನೆ ಬಾಗಿಲು ತಟ್ಟಿದ್ದರು.

ಟೀಚರ್ ಎಂದರೆ ಶಾಲೆಯ ಟೀಚರಲ್ಲ. ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವರು. ಊರಿನ ಅರ್ಧ ಜನ ಕ್ಲಚ್ ಬಿಡಲು ಕಲಿತದ್ದು ಅವರ ಬೈಗುಳ ತಿಂದೇ. ಈಗ ವಕೀಲರ ಪರವಾಗಿ, ನೊಂದವರ ಪರವಾಗಿ, ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ ನಿಜ ಹೆಕ್ಕುವುದು ಅವರ ಕೆಲಸ. ಠಾಣೆಯ ಇನ್ಸ್‌ಪೆಕ್ಟರೂ ಅವರ ಹಳೆಯ ಶಿಷ್ಯನೇ. ಆ ದಾಕ್ಷಿಣ್ಯಕ್ಕೆ ಗಾಡಿ ಒಂದು ದಿನದ ಮಟ್ಟಿಗೆ ಕೈಗೆ ಬಂದಿತ್ತು.

"ಸಂಜೆ ಐದಕ್ಕೆ ವಾಪಸ್ ಟೀಚರ್. ನಾಳೆ ಗುಜರಿಗೆ ಹೋಗುತ್ತೆ," ಎಂದಿದ್ದ ಅವನು.

ಈಗ ಹನ್ನೊಂದೂಕಾಲು.

ಟೀಚರ್ ಟಾರ್ಚ್ ಬೆಳಕು ಬಿಟ್ಟರು. ಎರಡೂ ಸ್ಪ್ರಿಂಗ್ ಕಡು ಹಸಿರು. ಎರಡೂ ಹೊಚ್ಚ ಹೊಸವು. ಬಲಗಡೆಯದರ ಕೆಳಗಿನ ಸುತ್ತಿನ ಮೇಲೆ ಬಿಳಿ ಅಕ್ಷರದಲ್ಲಿ ತಯಾರಕರ ನಂಬರಿತ್ತು. ಎಡಗಡೆಯದರಲ್ಲಿ ಇರಲಿಲ್ಲ.

ಸುತ್ತು ಎಣಿಸಿದರು. ಬಲಕ್ಕೆ ಏಳು. ಎಡಕ್ಕೆ ಐದೂವರೆ.

ಇನ್ನೊಮ್ಮೆ ಎಣಿಸಿದರು. ಐದೂವರೆಯೇ.

ಪ್ಯಾಂಟಿನ ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಆ ಸ್ಪ್ರಿಂಗಿನ ಕೆಳತುದಿಯನ್ನು ಕೆರೆದರು. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಅದರಡಿ ಹೊಳೆಯುವ ಉಕ್ಕು. ಉಕ್ಕಿನ ಮೇಲೆ ಬಾಚಣಿಗೆ ಎಳೆದಂತೆ ಸಾಲು ಗೀರು. ಅಂಚಿನಲ್ಲಿ ಕಾದು ನೀಲಿಗಟ್ಟಿದ ಕಲೆ.

"ಗ್ರೈಂಡರ್," ಎಂದ ಮೆಕ್ಯಾನಿಕ್, ಯಾರೂ ಕೇಳದಿದ್ದರೂ. "ಗ್ರೈಂಡರಲ್ಲಿ ಕತ್ತರಿಸಿ, ಮೇಲೆ ಬಣ್ಣ ಹೊಡೆದಿದ್ದಾರೆ."

"ಯಾರು?"

"ನಾನಲ್ಲ!" ಅವನ ದನಿ ಶೆಡ್ಡಿನ ತಗಡಿಗೆ ತಾಗಿ ಬಂತು. "ಸ್ಪ್ರಿಂಗ್ ಕತ್ತರಿಸೋನು ಮೆಕ್ಯಾನಿಕ್ ಅಲ್ಲ ಟೀಚರ್, ಕಟುಕ. ಗಾಡಿ ತಗ್ಗಾಗಿ ಕಾಣಲಿ, ಎರಡು ಸುತ್ತು ಹಾರಿಸಿಬಿಡಿ ಅಂತ ಬರ್ತಾರೆ ಕೆಲವರು. ಅವರಿಗೆ ನಾನು ತೋರಿಸೋದು ಬಾಗಿಲು."

ಅದು ಸುಳ್ಳಲ್ಲವೆಂದು ಟೀಚರಿಗೂ ಗೊತ್ತಿತ್ತು. ಊರಲ್ಲಿ ಅವನಿಗೆ 'ದಾರದ ಮೇಸ್ತ್ರಿ' ಎಂದೇ ಹೆಸರು. ಚಕ್ರಗಳು ನೇರಕ್ಕಿವೆಯೇ ಎಂದು ನೋಡಲು ಎಲ್ಲರೂ ಕಂಪ್ಯೂಟರ್ ತಂದ ಮೇಲೂ, ಇವನು ಗಾಡಿಯ ಎರಡು ಮಗ್ಗುಲಿಗೆ ದಾರ ಕಟ್ಟಿ, ಉಕ್ಕಿನ ಅಳತೆಪಟ್ಟಿ ಹಿಡಿದು, ನೆಲದ ಮೇಲೆ ಮಲಗಿ ಅಳೆಯುವವನು. ವೇಗದ ಕಾರಿನ ಹುಚ್ಚಿರುವವರು ಆ ದಾರಕ್ಕಾಗಿ ಎಲ್ಲೆಲ್ಲಿಂದಲೋ ಬಂದು ಕ್ಯೂ ನಿಲ್ಲುತ್ತಿದ್ದರು.

ಬಾಗಿಲ ಬಳಿ ಬೆಂಚಿನ ಮೇಲೆ ಅವನ ಹೆಂಡತಿ ಕೂತಿದ್ದಳು. ತೊಡೆಯ ಮೇಲೆ ತಗಡಿನ ಡಬ್ಬಿ. ಒಂದೊಂದೇ ನಟ್ಟನ್ನು ಬೆರಳಲ್ಲಿ ಸವರಿ, ಗಾತ್ರ ತಿಳಿದು, ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಡಬ್ಬಿಯ ಕಡೆ ನೋಡುತ್ತಲೇ ಇರಲಿಲ್ಲ. ಒಂದೂ ತಪ್ಪುತ್ತಿರಲಿಲ್ಲ.

"ಮೊದಲಿಂದ ಹೇಳಿ," ಎಂದು ಟೀಚರ್ ತಲೆಕೆಳಗಾದ ಡಬ್ಬವೊಂದರ ಮೇಲೆ ಕುಳಿತರು. "ಡಾಕ್ಟರು ಏನು ಬೇಕು ಅಂತ ಬಂದ್ರು?"

"ಎಲ್ಲರೂ ಕೇಳೋದೇ. ತಿರುವಲ್ಲಿ ಗಾಡಿ ವಾಲುತ್ತೆ, ಬ್ರೇಕ್ ಹಾಕಿದ್ರೆ ಮೂತಿ ಬಗ್ಗುತ್ತೆ, ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿದೆ, ಏನಾದ್ರೂ ಮಾಡಿ ಅಂತ. ಮೂರು ಸಲ ಬಂದ್ರು. ಒಂದು ಜೊತೆ ಚಪ್ಪಲಿಗೆ ಮೂರು ಅಂಗಡಿ ಹತ್ತೋರ ಪೈಕಿ ಅವರು."

"ನೀವೇನು ಹೇಳಿದ್ರಿ?"

ಕೆಲಸದ ಮಾತು ಬಂದ ಕೂಡಲೇ ಮೇಸ್ತ್ರಿಯ ಹೆಗಲು ಸಡಿಲವಾಯಿತು. "ಮೂರು ದಾರಿ ಇದೆ ಅಂದೆ. ಒಂದು, ಬರೀ ಸ್ಪ್ರಿಂಗ್ ಬದಲಾಯಿಸೋದು. ಗಾಡಿ ತಗ್ಗುತ್ತೆ, ಫೋಟೋದಲ್ಲಿ ಚೆನ್ನಾಗಿರುತ್ತೆ. ಆದ್ರೆ ಸುಸ್ತಾದ ಹಳೇ ಡ್ಯಾಂಪರ್ ಹೊಸ ಸ್ಪ್ರಿಂಗನ್ನ ತಡ್ಕೊಳ್ಳಲ್ಲ. ಮುದಿ ಎತ್ತಿನ ಪಕ್ಕ ಹೋರಿ ಕಟ್ಟಿ ನೊಗ ಹೂಡಿದ ಹಾಗೆ."

ಅವನು ಗೋಡೆಗೆ ಒರಗಿಸಿದ್ದ, ಎಣ್ಣೆ ತುಂಬಿದ ಕೊಳವೆಯಂಥ ಡ್ಯಾಂಪರ್ ಒಂದನ್ನು ಎತ್ತಿ ತೋರಿಸಿದ. "ಸ್ಪ್ರಿಂಗ್ ಅಂದ್ರೆ ಸಿಟ್ಟು ಟೀಚರ್. ಗುಂಡಿಗೆ ಬಿದ್ದ ಕೂಡ್ಲೇ ಎಗರುತ್ತೆ. ಎಗರಿದ್ದು ಎಗರ್ತಾನೇ ಇರುತ್ತೆ. ಇದು ಅದರ ಹೆಗಲ ಮೇಲೆ ಕೈ ಇಟ್ಟು ಸಾಕು ಸುಮ್ನಿರು ಅನ್ನೋದು. ಸಿಟ್ಟಿಗೆ ತಕ್ಕ ಸಮಾಧಾನ ಇರಬೇಕು. ಹಾಗೆ ಎರಡನ್ನೂ ಹೊಂದಿಸಿ ಒಬ್ಬರೇ ಮಾಡಿದ ಸೆಟ್ಟು ಬರುತ್ತೆ. ಅದು ಎರಡನೇ ದಾರಿ."

"ಮೂರನೇದು?"

"ರೇಸಿಗೆ ಹೋಗೋರದ್ದು. ಉಂಗುರ ತಿರುಗಿಸಿದ್ರೆ ಎತ್ತರ ಬದಲಾಗುತ್ತೆ, ಮೇಲಿನ ತಿರುಪು ತಿರುಗಿಸಿದ್ರೆ ಬಿಗಿ ಬದಲಾಗುತ್ತೆ. ಡಾಕ್ಟರ ಮನಸ್ಸು ಅದರ ಮೇಲೇ ಇತ್ತು. ಮಿಠಾಯಿ ಅಂಗಡಿ ಮುಂದೆ ನಿಂತ ಮಗು ಥರ ನೋಡ್ತಿದ್ರು. ನಾನು ಮೂರು ಗಿರಾಕಿಗಳ ಗಾಡಿ ಕೇಳಿ ಇಸ್ಕೊಂಡು, ಒಂದೇ ರಸ್ತೇಲಿ, ಒಂದೇ ವೇಗದಲ್ಲಿ, ಮೂರರಲ್ಲೂ ಕೂರಿಸ್ಕೊಂಡು ಹೋದೆ. ಅವರು ಕಣ್ಣು ಮುಚ್ಚಿ ಕೂತಿದ್ರು. 'ನಾನು ದಿನಾ ಪೇಷಂಟುಗಳನ್ನ ಕೇಳ್ತೀನಿ, ಇದು ಚೆನ್ನಾಗಿ ಕಾಣುತ್ತಾ, ಅದಾ ಅಂತ. ಇವತ್ತು ನೀವು ನನ್ನನ್ನ ಕೇಳಿ' ಅಂದ್ರು."

ಹೇಳುವಾಗ ಮೇಸ್ತ್ರಿ ನಗಲಿಲ್ಲ.

"ಕೊನೆಗೆ ಯಾವುದು?"

"ಎರಡನೇದೇ. ಬಿಗಿ ಜಾಸ್ತಿ ಆದ್ರೆ ಹಿಡಿತ ಜಾಸ್ತಿ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹದಗೆಟ್ಟ ರಸ್ತೇಲಿ ಬಿಗಿ ಸ್ಪ್ರಿಂಗ್ ಹಾಕಿದ್ರೆ ಚಕ್ರ ನೆಲಕ್ಕೆ ಅಂಟಲ್ಲ, ಕಪ್ಪೆ ಥರ ಕುಪ್ಪಳಿಸುತ್ತೆ. ಅದು ಅವರಿಗೇ ಗೊತ್ತಾಯ್ತು. ಅದೂ ಅಲ್ದೆ, 'ಅಕ್ಕ ಹಿಂದೆ ಕೂರ್ತಾಳೆ, ಅವಳ ಬೆನ್ನು ಕೆಟ್ಟಿದೆ' ಅಂದ್ರು. ಗುರುವಾರ ಅವರನ್ನ ಫಿಸಿಯೋಥೆರಪಿಗೆ ಬಿಡ್ಬೇಕು, ಅಷ್ಟರೊಳಗೆ ಗಾಡಿ ಬೇಕು ಅಂತ ಅವಸರ ಮಾಡಿದ್ರು. ತಾನು ಆಪರೇಷನ್ನಲ್ಲಿದ್ರೆ ಇರಲಿ ಅಂತ ಅಕ್ಕನ ನಂಬರೂ ಬರೆಸಿದ್ರು. ಸೋಮವಾರ ಕೆಲಸ ಮುಗಿಸಿ ಗಾಡಿ ಕೊಟ್ಟೆ. ಆಮೇಲೆ ಇದನ್ನ ನೋಡ್ತಿರೋದು ಇವತ್ತೇ."

"ನೀವು ಕೊಟ್ಟಾಗ ಸ್ಪ್ರಿಂಗ್ ಪೂರ್ತಿ ಇತ್ತು ಅನ್ನೋಕೆ ಸಾಕ್ಷಿ?"

ಮೇಸ್ತ್ರಿಯ ಮುಖ ಅರಳಿತು, ಓದಿಕೊಂಡ ಪ್ರಶ್ನೆಯೇ ಪರೀಕ್ಷೆಗೆ ಬಂದವನಂತೆ. ಟಾರ್ಚ್ ಇಸಿದುಕೊಂಡು ಕಾರಿನ ಅಡಿಗೆ ನುಗ್ಗಿದ.

"ಇಲ್ಲಿ ನೋಡಿ. ನಾನು ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಹಳದಿ ಗೆರೆ ಎಳೀತೀನಿ. ಅರ್ಧ ಬೋಲ್ಟಿನ ಮೇಲೆ, ಅರ್ಧ ಅದು ಕೂತ ಜಾಗದ ಮೇಲೆ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ಮುರಿಯುತ್ತೆ."

ಮುಂದಿನ ಎಡ ಚಕ್ರ. ಗೆರೆ ನೇರ. ಮುಂದಿನ ಬಲ. ನೇರ. ಹಿಂದಿನ ಬಲ. ನೇರ.

ಹಿಂದಿನ ಎಡ. ಬೋಲ್ಟಿನ ಮೇಲಿನ ಗೆರೆ ಒಂದು ದಿಕ್ಕಿಗೆ, ಕೆಳಗಿನ ಗೆರೆ ಇನ್ನೊಂದು ದಿಕ್ಕಿಗೆ.

ಟೀಚರ್ ಹತ್ತಿರ ಹೋದರು. ಆ ಬೋಲ್ಟಿನ ತಲೆಯ ಮೂಲೆಗಳು ಜಗಿದ ಹಾಗೆ ಸವೆದಿದ್ದವು.

"ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿ ಎಳೆದಿದ್ದಾರೆ. ನಲ್ಲಿ ರಿಪೇರಿ ಮಾಡೋ ಹಾಗೆ," ಎಂದ ಮೇಸ್ತ್ರಿ, ಅಸಹ್ಯದಿಂದ. "ಈ ಗಾಡೀಲಿ ಹಿಂದಿನ ಸ್ಪ್ರಿಂಗು ಡ್ಯಾಂಪರಿಂದ ಬೇರೆ ಕೂತಿರುತ್ತೆ. ಈ ಒಂದು ಬೋಲ್ಟ್ ಬಿಚ್ಚಿ, ಚಕ್ರ ಹಿಡಿದಿರೋ ಈ ಕಬ್ಬಿಣದ ತೋಳನ್ನ ಕೆಳಗೆ ಒತ್ತಿದ್ರೆ ಸ್ಪ್ರಿಂಗ್ ಕೈಗೇ ಬರುತ್ತೆ. ಅದಕ್ಕೆ ನನ್ನಂಥೋನು ಬೇಕಿಲ್ಲ. ಒಂದು ಜ್ಯಾಕು, ಒಂದು ಸ್ಪ್ಯಾನರು, ಒಂದು ಗಂಟೆ. ಸಾಕು."

ಟೀಚರ್ ಮೇಲಕ್ಕೆ ಬೆಳಕು ಹಾಯಿಸಿದರು. ಸ್ಪ್ರಿಂಗಿನ ಮೇಲ್ತುದಿ ಕೂರಬೇಕಾದ ಲೋಹದ ಬಟ್ಟಲಿನ ಅಂಚಿನಲ್ಲಿ ಆಳವಾದ ಹೊಸ ಗೀರು. ಸ್ಪ್ರಿಂಗ್ ಅಲ್ಲಿಂದ ಜಾರಿ, ಮತ್ತೆ ಬಟ್ಟಲನ್ನು ಹುಡುಕುತ್ತಾ ತಡಕಾಡಿದ ಗುರುತು.

ಈಗ ಅವರಿಗೆ ಇಡೀ ಅಪಘಾತ ಕಣ್ಣಿಗೆ ಕಟ್ಟಿತು. ಹಿಂದಿನ ದಿನವೇ ಅವರು ಆ ಸೇತುವೆಯ ಮೇಲೆ ಎರಡು ಗಂಟೆ ನಡೆದಾಡಿ ಬಂದಿದ್ದರು. ಸೇತುವೆಯ ಬೆನ್ನು ಉಬ್ಬು. ಎಷ್ಟೇ ನಿಧಾನಿಸಿದರೂ ಅಲ್ಲಿ ಗಾಡಿ ಒಂದು ಕ್ಷಣ ಹಗುರಾಗುತ್ತದೆ, ಚಕ್ರ ಜೋತು ಬೀಳುತ್ತದೆ. ಆ ಕ್ಷಣದಲ್ಲಿ ಕುಳ್ಳ ಸ್ಪ್ರಿಂಗ್ ಬಟ್ಟಲಿನಿಂದ ಜಾರಿದೆ. ಇಳಿದ ಕೂಡಲೇ ಬಲಕ್ಕೆ ತಿರುವು. ತಿರುವಿನಲ್ಲಿ ಭಾರವೆಲ್ಲ ಎಡಕ್ಕೆ. ಹೊರಬೇಕಾದ ಸ್ಪ್ರಿಂಗ್ ಜಾಗದಲ್ಲಿ ಇಲ್ಲ. ಎಡ ಮೂಲೆ ಕುಸಿದಿದೆ, ಬಾಲ ಬೀಸಿದೆ.

ಇದು ಅತಿವೇಗವಲ್ಲ. ಕೊಲೆಯ ಯತ್ನ.

ಟೀಚರ್ ಫೋನಿನಲ್ಲಿ ಎಲ್ಲದರ ಚಿತ್ರ ತೆಗೆದುಕೊಂಡರು. ಆಮೇಲೆ ನಿಧಾನವಾಗಿ ಮೇಸ್ತ್ರಿಯ ಕಡೆ ತಿರುಗಿದರು.

"ನಿಮ್ಮ ಹಳದಿ ಗೆರೆ ಒಪ್ಕೊಂಡೆ. ಆದ್ರೆ ಒಂದು ವಿಷಯ ಗಂಟಲಲ್ಲಿ ಇಳೀತಿಲ್ಲ."

"ಏನು?"

"ಒಂದೂವರೆ ಸುತ್ತು ಹೋದ್ರೆ ಆ ಮೂಲೆ ಎಷ್ಟು ಕೂರುತ್ತೆ?"

"ಎರಡು ಬೆರಳು. ಸ್ವಲ್ಪ ಹೆಚ್ಚೇ."

"ಹಿಂದೆ ನಿಂತು ನೋಡಿದ್ರೆ ಗೊತ್ತಾಗುತ್ತಾ?"

ಮೇಸ್ತ್ರಿ ಬಟ್ಟೆಯ ಚೂರು ತೆಗೆದು ಕೈ ಒರೆಸತೊಡಗಿದ. ಕೈ ಆಗಲೇ ಚೊಕ್ಕಟವಾಗಿತ್ತು.

"ಡಾಕ್ಟರು ಮನುಷ್ಯರ ಕಣ್ಣಲ್ಲಿ ಕೂದಲಷ್ಟು ವ್ಯತ್ಯಾಸ ಹಿಡಿಯೋರು," ಎಂದರು ಟೀಚರ್. "ಒಂದು ಸೆಟ್ ಆರಿಸೋಕೆ ಮೂರು ಸಲ ಬಂದೋರು. ಹೊಸದು ಹಾಕಿಸಿ ಮೂರೇ ದಿನ. ದಿನಾ ಬೆಳಿಗ್ಗೆ ಗಾಡಿ ಹಿಂದೆ ನಿಂತು, ಕಣ್ತುಂಬ ನೋಡಿ, ಆಮೇಲೇ ಹತ್ತುತ್ತಿದ್ರು ಅಂತ ಅವರ ಅಕ್ಕ ಹೇಳಿದ್ದಾರೆ. ಆ ಗುರುವಾರ ಮಾತ್ರ ಕುರುಡರಾಗಿದ್ರಾ?"

ಬೆಂಚಿನ ಕಡೆಯಿಂದ ಡಬ್ಬಿಗೆ ನಟ್ಟು ಬೀಳುವ ಸದ್ದು ನಿಂತಿತು.

"ನೋಡಿದ್ದಾರೆ. ನೋಡಿದ ಮೇಲೆ ಅವರು ಫೋನ್ ಮಾಡೋದು ಯಾರಿಗೆ? ಮೇಸ್ತ್ರಿ, ಅವರ ಫೋನ್ ಠಾಣೇಲಿದೆ. ಕೇಳಿದ್ರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ನಿಮ್ಮ ಬಾಯಲ್ಲೇ ಬಂದ್ರೆ ನಿಮಗೆ ಮರ್ಯಾದೆ."

ಶೆಡ್ಡಿನ ಮೂಲೆಯಲ್ಲಿ ಗಾಳಿ ತುಂಬುವ ಕಂಪ್ರೆಸರ್ ಗುರುಗುರು ಎನ್ನುತ್ತಿತ್ತು.

"ಮಾಡಿದ್ರು," ಎಂದ ಮೇಸ್ತ್ರಿ.

"ಎಷ್ಟು ಹೊತ್ತಿಗೆ?"

"ಏಳೂವರೆ. 'ಎಡಗಡೆ ಹಿಂದೆ ಸ್ವಲ್ಪ ಕೂತ ಹಾಗಿದೆ ಮೇಸ್ತ್ರಿ, ನಿನ್ನೆ ಸಂಜೆ ಸರಿ ಇತ್ತಲ್ಲ' ಅಂದ್ರು."

"ನೀವೇನಂದ್ರಿ?"

"ಹೊಸ ಸ್ಪ್ರಿಂಗು, ಹೊಂದ್ಕೊಳ್ಳೋಕೆ ಒಂದು ವಾರ ಬೇಕು. ಶನಿವಾರ ತನ್ನಿ, ನೋಡೋಣ ಅಂದೆ."

"ಇಷ್ಟು ದೊಡ್ಡ ಹೆಸರಿರೋ ನೀವು?"

ಅವನ ಕಣ್ಣಲ್ಲಿ ನೀರು ಬಂತು. ಬಟ್ಟೆಯ ಚೂರಿನಿಂದಲೇ ಒರೆಸಿಕೊಂಡ. ಕೆನ್ನೆಗೆ ಗ್ರೀಸಿನ ಗೆರೆ ಬಿತ್ತು. "ಅವಸರದಲ್ಲಿದ್ದೆ. ಬಾಯಿಗೆ ಬಂದದ್ದು ಹೇಳಿದೆ. ಗಾಡಿ ತೆಗೀಬೇಡಿ ಅಂತ ಒಂದು ಮಾತು ಸಾಕಿತ್ತು ಟೀಚರ್. ಹೇಳ್ಲಿಲ್ಲ. ಅವತ್ತಿಂದ ಅನ್ನ ಸೇರ್ತಿಲ್ಲ."

ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನ ಬ್ರೇಕಿನ ಮೇಲೆ ಕಾಲಿಟ್ಟು ಕೂತವರು ಟೀಚರ್. ಅರೆಕ್ಷಣ ತಡಮಾಡಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಜಾಗ್ರತೆ ಬೇರೆ, ಕತ್ತರಿಸೋದು ಬೇರೆ," ಎಂದು ಮೆಲ್ಲಗೆ ಅಂದರು. "ಆ ಸ್ಪ್ರಿಂಗ್ ಬಿಚ್ಚಿಕೊಡಿ. ನಾನು ತಗೊಂಡು ಹೋಗ್ತೀನಿ."

ಅವನು ಬಿಚ್ಚಿಕೊಟ್ಟ.

ಆಸ್ಪತ್ರೆಯ ಎರಡನೇ ಮಹಡಿಯ ಪಡಸಾಲೆ. ಮಧ್ಯಾಹ್ನ ಎರಡು ಗಂಟೆ. ತೀವ್ರ ನಿಗಾ ಘಟಕದ ಬಾಗಿಲೆದುರು ಸಾಲು ಕುರ್ಚಿಗಳು. ಡಾಕ್ಟರ ಅಕ್ಕ ಸೊಂಟಕ್ಕೆ ದಿಂಬು ಕೊಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಗಂಡ, ಅಂದರೆ ಡಾಕ್ಟರ ಭಾವ.

ಟೀಚರ್ ಗೋಣಿ ಚೀಲವನ್ನು ಕಾಲಿನ ಸಂದಿಯಲ್ಲಿಟ್ಟುಕೊಂಡು ಕೂತರು. ದಾರಿಯುದ್ದಕ್ಕೂ ಅವರ ತಲೆಯಲ್ಲಿ ಒಂದೇ ಲೆಕ್ಕ. ಬುಧವಾರ ಸಂಜೆ ಗಾಡಿ ಸರಿ ಇತ್ತು. ಗುರುವಾರ ಏಳೂವರೆಗೆ ವಾಲಿತ್ತು. ನಡುವೆ ಅದು ನಿಂತಿದ್ದು ಡಾಕ್ಟರ ಮನೆಯಲ್ಲೇ. ಆ ಮನೆಯಲ್ಲಿ ಇರುವವರು ಮೂವರು. ಮದುವೆಯಾಗದ ಡಾಕ್ಟರು, ಅಕ್ಕ, ಭಾವ. ಮನೆಯ ಹಿಂದೆ ಒಂದು ಶೆಡ್ಡು. ಭಾವನವರ ಕಸುಬು ಕಿಟಕಿ ಗ್ರಿಲ್ ಮಾಡುವುದು.

"ಬನ್ನಿ ಬನ್ನಿ ಟೀಚರ್," ಎಂದರು ಭಾವ. ಬಾಯ್ತುಂಬ ಮಾತಾಡುವ, ಎಲ್ಲರಿಗೂ ಬೇಕಾದ ಮನುಷ್ಯ. "ಈ ಕುರ್ಚಿ ಮಾಡಿದೋನಿಗೆ ಬೆನ್ನೇ ಇರ್ಲಿಲ್ಲ ಅಂತ ಕಾಣುತ್ತೆ. ಹನ್ನೆರಡು ದಿನದಿಂದ ಕೂತು ಕೂತು ನಾನೂ ಕುರ್ಚಿ ಆಗಿದೀನಿ."

"ನಿಮ್ಮ ಶೆಡ್ಡಲ್ಲಿ ಗ್ರೈಂಡರ್ ಇದೆಯಾ ಯಜಮಾನ್ರೇ?"

"ಗ್ರಿಲ್ ಮಾಡೋನ ಹತ್ರ ಗ್ರೈಂಡರ್ ಇಲ್ದೆ ಇರುತ್ತಾ? ಮೂರಿದೆ. ಯಾಕೆ, ಏನು ಕತ್ತರಿಸ್ಬೇಕು?"

"ಏನೂ ಇಲ್ಲ. ಕತ್ತರಿಸಿ ಆಗಿದೆ."

ಭಾವ ನಕ್ಕರು. ನಗು ಬಂದದ್ದು ಒಂದು ಕ್ಷಣ ತಡವಾಗಿ.

"ಟೀಚರ ಜೊತೆ ಮಾತಾಡೋದು ಅಂದ್ರೆ ಲೈಸೆನ್ಸ್ ಟೆಸ್ಟ್ ಕೊಟ್ಟ ಹಾಗೆ," ಎಂದು ಎದ್ದರು. "ಇರಿ, ಕ್ಯಾಂಟೀನಿಂದ ಟೀ ತರ್ತೀನಿ."

ಅವರ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಅಡಗುವ ತನಕ ಟೀಚರ್ ಕಾದರು. ಆಮೇಲೆ ಅಕ್ಕನ ಹತ್ತಿರಕ್ಕೆ ಸರಿದರು.

"ನೀವು ತಮ್ಮನ ಕಾರಲ್ಲಿ ಎಲ್ಲಿ ಕೂರ್ತೀರಿ ಅಕ್ಕಾ?"

"ಹಿಂದೆ, ಎಡಗಡೆ. ಮುಂದಿನ ಸೀಟು ಪೂರ್ತಿ ಮುಂದಕ್ಕೆ ತಳ್ಳಿ ಕಾಲು ಚಾಚ್ಕೋತೀನಿ. ಡಿಸ್ಕ್ ಜಾರಿದಾಗಿಂದ ಅದೇ ನನ್ನ ಜಾಗ. ಯಾಕೆ?"

ಟೀಚರ್ ಚೀಲದ ಬಾಯಿ ಸ್ವಲ್ಪವೇ ತೆರೆದು ತೋರಿಸಿದರು. "ಇದು ನಿಮ್ಮ ಸೀಟಿನ ಕೆಳಗಿದ್ದದ್ದು. ಯಾರೋ ಕತ್ತರಿಸಿ ಮತ್ತೆ ಇಟ್ಟಿದ್ದಾರೆ."

ಅಕ್ಕ ಹಸಿರು ಸುರುಳಿಯನ್ನು ನೋಡಿದರು. ಮುಟ್ಟಲು ಕೈ ಚಾಚಿ ಹಿಂದಕ್ಕೆ ಎಳೆದುಕೊಂಡರು.

"ನನ್ನ ಕೆಳಗೆ?"

"ಪ್ರತಿ ಗುರುವಾರ ನೀವು ಆ ಜಾಗದಲ್ಲಿ ಕೂರ್ತೀರಿ. ಅವತ್ತೂ ಗುರುವಾರವೇ. ಅವತ್ತು ಯಾಕೆ ಹೋಗ್ಲಿಲ್ಲ?"

"ಹೊರಟಿದ್ದೆ ಟೀಚರ್. ಬ್ಯಾಗ್ ಹೆಗಲಿಗೆ ಹಾಕ್ಕೊಂಡಿದ್ದೆ. ಎಂಟು ಗಂಟೆಗೆ ಫಿಸಿಯೋಥೆರಪಿಯಿಂದ ಫೋನ್ ಬಂತು. ಇವತ್ತು ರಜೆ, ಬರ್ಬೇಡಿ ಅಂತ. ತಮ್ಮನಿಗೆ ಆ ಕಡೆ ಆಸ್ಪತ್ರೇಲಿ ಆಪರೇಷನ್ ಇತ್ತು, ಒಬ್ಬನೇ ಹೋದ. ನಾನು ಬಾಗಿಲಲ್ಲಿ ನಿಂತು ಕೈ ಬೀಸಿದೆ."

"ಫೋನ್ ಮಾಡಿದ್ದು ಯಾರು?"

"ಯಾರೋ ಗಂಡಸು. ಹೊಸಬ ಇರಬೇಕು ಅಂದ್ಕೊಂಡೆ. ಅಲ್ಲಿ ಇರೋದು ಇಬ್ಬರು ಹೆಂಗಸರು ಮಾತ್ರ."

ಟೀಚರ್ ತಮ್ಮ ಫೋನಿನಿಂದ ಫಿಸಿಯೋಥೆರಪಿಯವರಿಗೆ ಕರೆ ಮಾಡಿದರು. ಎರಡೇ ನಿಮಿಷದ ಮಾತು. ಆ ಗುರುವಾರ ರಜೆ ಇರಲಿಲ್ಲ. ಯಾರಿಗೂ ಬರಬೇಡಿ ಎಂದು ಹೇಳಿರಲಿಲ್ಲ. ಅಕ್ಕನಿಗಾಗಿ ಕಾದು ಕಾದು ಸಾಕಾಗಿ ಬೈದುಕೊಂಡಿದ್ದರಂತೆ.

ಹಾಗಾದರೆ ಒಬ್ಬ ಗಂಡಸಿಗೆ ಎಂಟು ಗಂಟೆಯ ಹೊತ್ತಿಗೇ ಗೊತ್ತಿತ್ತು, ಆ ಕಾರು ಹತ್ತಿದವರು ವಾಪಸ್ ಬರುವುದಿಲ್ಲ ಎಂದು. ಅವನಿಗೆ ಅಕ್ಕ ಸಾಯುವುದು ಬೇಕಿರಲಿಲ್ಲ. ಗಂಡನ ದನಿಯಾಗಿದ್ದರೆ ಅಕ್ಕನಿಗೆ ಗುರುತು ಹತ್ತದೆ ಇರುತ್ತದೆಯೇ?

"ಆ ನಂಬರ್ ಇದೆಯಾ?"

ಅಕ್ಕ ಫೋನ್ ತೆಗೆದು, ಬೆರಳಿಂದ ಹಿಂದಕ್ಕೆ ಹಿಂದಕ್ಕೆ ಸರಿಸಿದರು. ಆಸ್ಪತ್ರೆಯಿಂದ, ನೆಂಟರಿಂದ, ಪೊಲೀಸರಿಂದ ಬಂದ ನೂರಾರು ಕರೆಗಳ ಅಡಿಯಲ್ಲಿ ಅದು ಸಿಕ್ಕಿತು. ಗುರುವಾರ, ಎಂಟು ಗಂಟೆ ಎರಡು ನಿಮಿಷ. ಹೆಸರಿಲ್ಲದ ನಂಬರು.

ಟೀಚರ್ ಅದನ್ನು ಒತ್ತಿ ಕಿವಿಗಿಟ್ಟುಕೊಂಡರು. ಒಂದು ರಿಂಗ್. ಎರಡು. ನಾಲ್ಕು. ಇನ್ನು ಎತ್ತುವುದಿಲ್ಲ ಎನ್ನುವಾಗ ಆ ಕಡೆ ಯಾರೋ ಎತ್ತಿದರು. ಮಾತಿಲ್ಲ. ಹಿಂದೆ ಗುರುಗುರು ಸದ್ದು ಮಾತ್ರ.

ಬೆಳಿಗ್ಗೆ ಶೆಡ್ಡಿನಲ್ಲಿ ಕೇಳಿದ್ದ ಅದೇ ಸದ್ದು.

"ಮೇಸ್ತ್ರಿ," ಎಂದರು.

ಆ ಕಡೆ ಯಾರೋ ಸ್ವಿಚ್ ಒತ್ತಿದರು. ಗುರುಗುರು ನಿಂತಿತು.

"ಹೇಳಿ ಟೀಚರ್." ಬೆಳಿಗ್ಗೆಯ ಅಳು ಈಗ ಆ ದನಿಯಲ್ಲಿ ಇರಲಿಲ್ಲ. "ಇದು ನನ್ನ ಹೆಂಡತಿ ಫೋನು. ಇಷ್ಟು ಬೇಗ ಇಲ್ಲಿಗೆ ಬರ್ತೀರಿ ಅಂದ್ಕೊಂಡಿರ್ಲಿಲ್ಲ."

"ಡಾಕ್ಟರು ಏಳೂವರೆಗೆ ಫೋನ್ ಮಾಡಿದಾಗಲೇ ನಿಮಗೆ ಗೊತ್ತಾಗಿತ್ತು."

"ಹೊಸ ಸ್ಪ್ರಿಂಗ್ ಒಂದೇ ಕಡೆ, ಬೆಳಗಾಗೋದ್ರೊಳಗೆ ಎರಡು ಬೆರಳು ಕೂರಲ್ಲ. ಯಾರೋ ಕೈ ಹಾಕಿದ್ದಾರೆ ಅಂತ ಗೊತ್ತಾಯ್ತು. ಯಾರು ಅಂತ ನನಗೂ ಗೊತ್ತಿಲ್ಲ. ದೇವರಾಣೆ."

"ಅಕ್ಕನಿಗೆ ಫೋನ್ ಮಾಡಿ ತಪ್ಪಿಸಿದ್ರಿ."

"ಆಯಮ್ಮ ಏನು ಪಾಪ ಮಾಡಿದ್ರು?"

"ಹಾಗೆ ಡಾಕ್ಟರಿಗೂ ಒಂದು ಮಾತು ಹೇಳಬಹುದಿತ್ತಲ್ಲ?"

ಯಾವ ಏರಿಳಿತವೂ ಇಲ್ಲದೆ ಉತ್ತರ ಬಂತು:

"ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಅರ್ಧ ಗಂಟೆ ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಬೇಡ ಅನ್ನಿಸ್ತು."

"ಯಾಕೆ?"

"ನನ್ನ ಹೆಂಡತಿ ಕಣ್ಣು ಹೋದದ್ದು ಹೇಗೆ ಅಂತ ಡಾಕ್ಟರನ್ನೇ ಕೇಳಿ."

ಅಷ್ಟರಲ್ಲಿ ನಿಗಾ ಘಟಕದ ಬಾಗಿಲು ದಡಕ್ಕನೆ ತೆರೆಯಿತು. ನರ್ಸ್ ಹೊರಗೆ ತಲೆ ಹಾಕಿದಳು. ಅವಳ ಮುಖವೆಲ್ಲ ನಗು.

"ಡಾಕ್ಟರಿಗೆ ಎಚ್ಚರ ಆಯ್ತು! ತುಟಿ ಅಲ್ಲಾಡಿಸ್ತಿದ್ದಾರೆ, ಏನೋ ಹೇಳ್ಬೇಕು ಅನ್ನೋ ಹಾಗಿದೆ. ಮನೆಯವರು ಬನ್ನಿ, ಒಬ್ಬರೇ ಒಬ್ಬರು."

ಅಕ್ಕ ಏಳಲು ಹೋದರು. ಸೊಂಟ ಹಿಡಿದುಕೊಂಡಿತು. "ಅಮ್ಮಾ" ಎಂದು ಕುರ್ಚಿಯ ತೋಳು ಹಿಡಿದು ಅರ್ಧಕ್ಕೇ ನಿಂತರು.

"ನೀನು ಕೂತ್ಕೋ ಮಾರಾಯ್ತಿ, ನಾನು ನೋಡ್ತೀನಿ."

ಭಾವ. ಯಾವಾಗ ಮೆಟ್ಟಿಲು ಹತ್ತಿ ಬಂದಿದ್ದರೋ. ಕೈಯಲ್ಲಿದ್ದ ಮೂರು ಟೀ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನಾಲ್ಕೇ ಹೆಜ್ಜೆಗೆ ಬಾಗಿಲು ಸೇರಿದ್ದರು.

"ಯಜಮಾನ್ರೇ, ನಿಲ್ಲಿ!" ಟೀಚರ್ ಎದ್ದರು. ಕಾಲಿಗೆ ಗೋಣಿ ಚೀಲ ತೊಡರಿತು. ಮುಗ್ಗರಿಸಿ ಗೋಡೆ ಹಿಡಿದರು.

ಭಾವ ತಿರುಗಿ ನೋಡಲಿಲ್ಲ. ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತು. ನರ್ಸ್ ದೊಡ್ಡ ಡಾಕ್ಟರನ್ನು ಕರೆಯಲು ಪಡಸಾಲೆಯ ಆ ತುದಿಗೆ ಓಡುತ್ತಿದ್ದಳು.

ಕೈಯಲ್ಲಿದ್ದ ಫೋನಿನಿಂದ ಮೇಸ್ತ್ರಿಯ ದನಿ ಸಣ್ಣಗೆ ಕೇಳುತ್ತಲೇ ಇತ್ತು. "ಟೀಚರ್? ಏನಾಯ್ತು ಟೀಚರ್?"

ಟೀಚರ್ ಬಾಗಿಲು ತಳ್ಳಿದರು. ಒಳಗಿನಿಂದ ಚಿಲಕ ಬಿದ್ದಿತ್ತು. ಪಕ್ಕದ ಕಿಟಕಿಯ ಗಾಜಿಗೆ ಮುಖ ಒತ್ತಿ ನೋಡಿದರು. ಡಾಕ್ಟರ ಕಣ್ಣು ತೆರೆದಿದ್ದವು. ಆ ಕಣ್ಣು ಭಾವನನ್ನು ಕಂಡವು, ಕಂಡು ಅಗಲವಾದವು.

ಭಾವ ನಗುತ್ತಲೇ ಕೈ ಚಾಚಿ ಕಿಟಕಿಯ ಪರದೆ ಎಳೆದರು.